ಎಪ್ಪತ್ತಾರು ವರ್ಷಗಳ ಯಾತ್ರಿಕ

ಘಣಸೋಲಿಯ ಬಹುಮಹಡಿ ಕಟ್ಟಡಗಳ ದೀಪಗಳ ನಡುವೆ ನಕ್ಷತ್ರಗಳನ್ನೆಣಿಸಲು ಕೈಬೆರಳುಗಳೇ ಸಾಕು. ಆದರೂ ಮೇ ತಿಂಗಳ ಮೊದಲ ವಾರದಲ್ಲಿ ಬೆಳಗಿನ ಜಾವ ಮಾಳಿಗೆಯ ಮೇಲೆ ತಾಳ್ಮೆಯಿಂದ ನಿಂತವರಿಗೆ ಒಂದೆರಡು ಉಲ್ಕೆಗಳು ಕಂಡಾವು. ಅವು ಹ್ಯಾಲೀ ಧೂಮಕೇತುವು ಹಾದಿಯಲ್ಲಿ ಚೆಲ್ಲಿಹೋದ ಧೂಳಿನ ಕಣಗಳು.

ಈ ಧೂಮಕೇತುವಿನ ಪಥ ನೀಳವಾದ ದೀರ್ಘವೃತ್ತ. ಸೂರ್ಯನಿಗೆ ಅತಿ ಸಮೀಪದಲ್ಲಿ ಅದರ ದೂರ ಸುಮಾರು 8.8 ಕೋಟಿ ಕಿಲೋಮೀಟರು. ಅತಿ ದೂರದಲ್ಲಿ ಸುಮಾರು 530 ಕೋಟಿ, ಅಂದರೆ ನೆಪ್ಚೂನಿನ ಕಕ್ಷೆಗೂ ಆಚೆ. ಸಮೀಪದಲ್ಲಿ ಸೆಕೆಂಡಿಗೆ 54 ಕಿಲೋಮೀಟರು ಧಾವಿಸುವ ಅದು ಅಲ್ಲಿ ಒಂದು ಕಿಲೋಮೀಟರನ್ನೂ ಕ್ರಮಿಸದು. ಗ್ರಹಗಳೆಲ್ಲ ಒಂದು ದಿಕ್ಕಿಗೆ ಸುತ್ತಿದರೆ ಇದು ವಿರುದ್ಧ ದಿಕ್ಕಿಗೆ! ಸೌರಮಾರುತ ಬಾಲವನ್ನು ಸದಾ ಸೂರ್ಯನಿಂದಾಚೆಗೆ ತಳ್ಳುವುದರಿಂದ, ಹಿಂದಿರುಗುವಾಗ ಬಾಲವೇ ಮುಂದಿರುತ್ತದೆ.

1531, 1607, 1682ರಲ್ಲಿ ಕಂಡ ಧೂಮಕೇತುಗಳು ಒಂದೇ ಎಂದು ಎಡ್ಮಂಡ್ ಹ್ಯಾಲೀ 1705ರಲ್ಲಿ ತರ್ಕಿಸಿ, 1758ರ ಸುಮಾರಿಗೆ ಅದು ಮರಳುವುದೆಂದು ಸಾರಿದನು. ಆತನು 1742ರಲ್ಲಿ ತೀರಿಕೊಂಡನು. ಧೂಮಕೇತುವು 1758ರ ಕ್ರಿಸ್‌ಮಸ್ ರಾತ್ರಿ ಕಾಣಿಸಿಕೊಂಡಿತು. ಗುರು, ಶನಿಗಳ ಸೆಳೆತದಿಂದ ಅದರ ಅವಧಿ ಒಂದೆರಡು ವರ್ಷ ಹೆಚ್ಚುಕಡಿಮೆಯಾಗುತ್ತದೆ.

ಧೂಮಕೇತುವೆಂದರೆ ಅರಿಷ್ಟವೆಂಬ ಭಯ ನಮ್ಮ ಹಳ್ಳಿಗಳಲ್ಲಿ ಮಾತ್ರವಿದ್ದುದಲ್ಲ. 1910ರ ಮೇ 6ರಂದು ಏಳನೆಯ ಎಡ್ವರ್ಡ್ ದೊರೆ ನಿಧನನಾದಾಗ ಬಾಲಚುಕ್ಕಿಯತ್ತ ಬೆರಳು ತೋರಿದವರುಂಟು. ಅದರ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂಬ ಸುದ್ದಿ ಹಬ್ಬಿ, ಪಾಶ್ಚಾತ್ಯ ನಗರಗಳಲ್ಲಿ 'ಧೂಮಕೇತು ಗುಳಿಗೆ'ಗಳೂ ಮಾರಾಟವಾದವು. ಮೇ 18-19ರಂದು ಭೂಮಿ ಬಾಲದ ಬಳಿ ಹಾದುಹೋಯಿತು. ಯಾರ ಉಸಿರೂ ಕಟ್ಟಲಿಲ್ಲ. ಅನಿಲವಿದ್ದುದು ನಿಜ, ಆದರೆ ಅತಿ ವಿರಳ. ಆರೋಗ್ಯಕ್ಕೆ ಕುತ್ತು ತಂದುದು ಗಾಬರಿಯೇ ಹೊರತು ಧೂಮಕೇತುವಲ್ಲ.

1986ರ ಭೇಟಿ ನೋಟಕ್ಕೆ ನಿರಾಸೆಯನ್ನೇ ತಂದಿತು. ಫೆಬ್ರವರಿ 9ರಂದು ಅದು ಸೂರ್ಯನಿಗೆ ಸಮೀಪಿಸಿದಾಗ ನಮಗೆ ಅದು ಸೂರ್ಯನ ಆಚೆಯಿತ್ತು. ವಿಜ್ಞಾನಕ್ಕಂತೂ ಅದು ಸುಗ್ಗಿ. ಮಾರ್ಚ್ 14ರಂದು 'ಜಿಯೋಟ್ಟೋ' ನೌಕೆ ಸುಮಾರು 600 ಕಿಲೋಮೀಟರು ಸಮೀಪದಿಂದ ಅದರ ಕಪ್ಪು ಗರ್ಭವನ್ನು ಚಿತ್ರಿಸಿತು; ಅದರ ಉದ್ದ ಹದಿನೈದು ಕಿಲೋಮೀಟರು ಮಾತ್ರ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 2.34 ಮೀಟರಿನ ದೂರದರ್ಶಕ ಉದ್ಘಾಟನೆಯಾದುದೂ ಅದೇ ಜನವರಿಯಲ್ಲಿ.

2023ರ ಡಿಸೆಂಬರಿನಲ್ಲಿ ಅತಿ ದೂರದ ತುದಿಯನ್ನು ಮುಟ್ಟಿದ ಆ ಯಾತ್ರಿಕ ಈಗ ಮರಳಿ ಹೊರಟಿದೆ. 2061ರ ಜುಲೈ 28ಕ್ಕೆ ಸೂರ್ಯನ ಸಮೀಪ. 1986ರಲ್ಲಿ ಅಪ್ಪನ ಹೆಗಲೇರಿ ಕಂಡ ಹತ್ತರ ಬಾಲಕನಿಗೆ ಆಗ ಎಂಬತ್ತೈದು. ಈ ಬಾರಿ ಅದು ನಮ್ಮ ಬದಿಗೇ ಇರುವುದರಿಂದ ಹೆಚ್ಚು ಪ್ರಕಾಶಮಾನವಾಗಿರುವುದು. ತೊಡಕೊಂದೇ: ಜುಲೈ ಎಂದರೆ ಕೊಂಕಣದಲ್ಲಿ ಧೋ ಎಂದು ಸುರಿಯುವ ಮಳೆ. ಆದುದರಿಂದ ಮೊಮ್ಮಕ್ಕಳಿಗೆ ಅದನ್ನು ತೋರಿಸಬೇಕೆನ್ನುವ ಘಣಸೋಲಿಯ ಕನ್ನಡಿಗರು ಆಗ ಮಳೆ ವಿರಳವಾದ ವಿಜಯಪುರದ ಬಯಲಿಗೆ, ತಮ್ಮ ಊರಿಗೇ, ರೈಲು ಹತ್ತುವುದು ಲೇಸು.