ಸನ್ಮರಣದ ಪಾಲಕರ ಹಬ್ಬ: ರೋಗಿಯ ಹಾಸಿಗೆಯ ಬಳಿ ತೀರ್ಮಾನ ಯಾರದು?



ಮಾರ್ಚ್ 19ರಂದು ನಾವು ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಯೇಸುಸ್ವಾಮಿ ಮತ್ತು ಮಾತೆ ಮರಿಯಮ್ಮನವರ ಸನ್ನಿಧಿಯಲ್ಲಿ ಕಣ್ಮುಚ್ಚಿದರೆಂಬ ನಂಬಿಕೆಯಿಂದ ಧರ್ಮಸಭೆಯು ಅವರನ್ನು ಸನ್ಮರಣದ ಪಾಲಕರೆಂದು ಗೌರವಿಸುತ್ತದೆ.

ಇಂದು ಎಷ್ಟೋ ಮಂದಿಗೆ ಮರಣ ಬರುವುದು ಮನೆಯಲ್ಲಲ್ಲ, ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ. ನಂಜನಗೂಡು, ಟಿ. ನರಸೀಪುರದ ನಮ್ಮ ಕುಟುಂಬಗಳು ಹಿರಿಯರನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ಯುತ್ತವೆ. ವೆಂಟಿಲೇಟರ್ ಹಾಕಿದ ಮೇಲೆ ವೈದ್ಯರು "ಮುಂದೇನು ಮಾಡೋಣ?" ಎಂದು ಕೇಳಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಯಾರೋ ಊರಿನ ಮುಖಂಡರಿಗೆ ಫೋನ್ ಮಾಡುತ್ತಾರೆ. ಹಾಸಿಗೆ ಸಿಗಲೆಂದು, ಬಿಲ್ಲು ಕಡಿಮೆಯಾಗಲೆಂದು ಸಹಾಯ ಕೇಳುವುದು ತಪ್ಪಲ್ಲ. ಆದರೆ ಚಿಕಿತ್ಸೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನೂ ಅಧಿಕಾರದಲ್ಲಿರುವವರ ಮಾತಿಗೆ ಬಿಡಬಹುದೇ?

ಹಾಗೆ ಬಿಟ್ಟರೆ ಏನಾಗುತ್ತದೆಂದು ಅಮೆರಿಕದ ಒಂದು ಘಟನೆ ತೋರಿಸಿಕೊಟ್ಟಿದೆ. ಫ್ಲಾರಿಡಾದ ಕಥೋಲಿಕ ಮಹಿಳೆ ಟೆರ್ರಿ ಶಿಯಾವೊ 1990ರಲ್ಲಿ ಕುಸಿದುಬಿದ್ದು ಪ್ರಜ್ಞೆಯನ್ನು ಕಳೆದುಕೊಂಡರು. ಆಹಾರದ ನಳಿಕೆಯನ್ನು ತೆಗೆಯಬೇಕೆಂದು ಪತಿ, ಕೂಡದೆಂದು ತಂದೆತಾಯಿ ನ್ಯಾಯಾಲಯದಲ್ಲಿ ಹೋರಾಡಿದರು. 2003ರಲ್ಲಿ ಆ ರಾಜ್ಯವು ಅವರೊಬ್ಬರಿಗಾಗಿಯೇ ಕಾನೂನು ಮಾಡಿತು. ಮರುವರ್ಷ ನ್ಯಾಯಾಲಯ ಅದನ್ನು ರದ್ದುಮಾಡಿತು. 2005ರ ಮಾರ್ಚ್ 21ರ ನಡುರಾತ್ರಿ ಅಮೆರಿಕದ ಸಂಸತ್ತು ಮತ್ತೊಂದು ಕಾನೂನು ಮಾಡಿತು, ಅಧ್ಯಕ್ಷರು ಸಹಿ ಹಾಕಿದರು. ಆದರೂ ಮಾರ್ಚ್ 31ರಂದು ಟೆರ್ರಿ ತೀರಿಕೊಂಡರು. ಅವರ ಅನ್ನನೀರು ನಿಲ್ಲಿಸಿದ್ದು ಸರಿಯಲ್ಲವೆಂಬುದೇ ಧರ್ಮಸಭೆಯ ನಿಲುವು. ಹಾಗೆಂದು ಒಂದು ಮನೆಯ ದುಃಖವನ್ನು ರಾಜಕೀಯದ ಅಖಾಡಕ್ಕೆ ಎಳೆದದ್ದನ್ನು ನಾವು ಮೆಚ್ಚಬೇಕಿಲ್ಲ. ಇಂದು ನಳಿಕೆ ಇರಲಿ ಎಂದು ಆಜ್ಞೆ ಮಾಡುವ ಅಧಿಕಾರ, ನಾಳೆ ತೆಗೆಯಿರಿ ಎಂದೂ ಆಜ್ಞೆ ಮಾಡಬಲ್ಲದು.

ಹಾಗಾದರೆ ಸರ್ಕಾರ, ನ್ಯಾಯಾಲಯಗಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಇದೆ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಿಂದ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರಿಗೆ ಆಹಾರ ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅಷ್ಟು ವರ್ಷ ಉಣಿಸಿ, ಸ್ನಾನ ಮಾಡಿಸಿದ ಆಸ್ಪತ್ರೆಯ ದಾದಿಯರು ಮತ್ತು ಸಿಬ್ಬಂದಿಯೇ ಅರುಣಾರಿಗೆ ಹತ್ತಿರದವರೆಂದು ಒಪ್ಪಿತು. ಆಸ್ತಿಯ ಆಸೆಗೆ ಬಂಧುಗಳೇ ರೋಗಿಗೆ ಕೇಡು ಬಗೆಯಬಹುದೆಂದೂ ಎಚ್ಚರಿಸಿತು. ಅರುಣಾ 2015ರ ಮೇ 18ರವರೆಗೆ ಬದುಕಿದ್ದರು. ದುರ್ಬಲರ ಪ್ರಾಣಕ್ಕೆ ಬೇಲಿ ಹಾಕುವುದು ಕಾನೂನಿನ ಕೆಲಸ. ಆ ಬೇಲಿಯೊಳಗೆ ತೀರ್ಮಾನ ಮಾಡಬೇಕಾದವರು ರೋಗಿ, ಕುಟುಂಬ ಮತ್ತು ವೈದ್ಯರು.

ಇಂದಿನ ಕಾನೂನು ಹೆಚ್ಚುಕಡಿಮೆ ಹೀಗೆಯೇ ಇದೆ. 2018ರ ಮಾರ್ಚ್ 9ರ ತೀರ್ಪಿನ ಕ್ರಮವನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಗುಣವಾಗುವ ಭರವಸೆಯಿಲ್ಲದ ರೋಗಿಯ ಚಿಕಿತ್ಸೆ ನಿಲ್ಲಿಸುವ ಮುನ್ನ ಮೂವರು ವೈದ್ಯರ ಒಂದು ಮಂಡಳಿ ನೋಡಬೇಕು. ಬಳಿಕ ಇನ್ನೊಂದು ಮಂಡಳಿಯೂ ಒಪ್ಪಬೇಕು. ಕುಟುಂಬದ ಸಮ್ಮತಿ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ. ಈ ಕ್ರಮದಲ್ಲಿ ಎಲ್ಲಿಯೂ ಶಾಸಕರ ಅಥವಾ ಮಂತ್ರಿಗಳ ಶಿಫಾರಸಿಗೆ ಜಾಗವಿಲ್ಲ.

ಧರ್ಮಸಭೆಯ ಬೋಧನೆಯೂ ನಮಗೆ ದಾರಿದೀಪ. ರೋಗಿಗೆ ವಿಪರೀತ ಹೊರೆಯಾಗುವ, ಫಲವಿಲ್ಲದ ಚಿಕಿತ್ಸೆಗೆ ಯಾರೂ ಕಟ್ಟುಬಿದ್ದಿಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸರು 1957ರಲ್ಲೇ ತಿಳಿಸಿದರು. ಹೀಗೆ ಚಿಕಿತ್ಸೆ ನಿಲ್ಲಿಸುವುದು ಕೊಲೆಯಲ್ಲ. ಸಾವನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುವುದು. ಆದರೆ ದೇಹ ಸ್ವೀಕರಿಸುವವರೆಗೆ, ನಳಿಕೆಯ ಮೂಲಕವಾದರೂ, ಅನ್ನನೀರು ಕೊಡುವುದು ಸಾಮಾನ್ಯವಾಗಿ ನಮ್ಮ ಕರ್ತವ್ಯವೆಂದು ಎರಡನೇ ಜಾನ್ ಪಾಲರು 2004ರಲ್ಲಿ ಸ್ಪಷ್ಟಪಡಿಸಿದರು. ಪ್ರಾಣ ದೇವರ ವರ. ಅದಕ್ಕೆ ಸರ್ಕಾರ ಯಜಮಾನನಲ್ಲ, ಕುಟುಂಬವೂ ಅಲ್ಲ.

ಆದುದರಿಂದ ಪ್ರಿಯರೇ, ಹಿರಿಯರು ಗಟ್ಟಿಯಾಗಿರುವಾಗಲೇ ಮನೆಯವರೆಲ್ಲ ಕುಳಿತು ಮಾತನಾಡೋಣ. "ಅಪಶಕುನ ನುಡಿಯಬೇಡಿ" ಎಂದು ಅವರ ಬಾಯಿ ಮುಚ್ಚಿಸದಿರೋಣ. ತಮ್ಮ ಇಚ್ಛೆಯನ್ನು ಅವರು ಬರೆದಿಡಬಹುದು. ತಮ್ಮ ಪರವಾಗಿ ಮಾತನಾಡಲು ನಂಬಿಕೆಯ ಇಬ್ಬರನ್ನು ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅನ್ನನೀರಿನ ವಿಷಯವನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಸೋಣ. ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕೊನೆಯುಸಿರಿನವರೆಗೆ ಕಾಯದೆ, ರೋಗಿಗೆ ಪ್ರಜ್ಞೆಯಿರುವಾಗಲೇ ಕರೆಸೋಣ.

ಹಾಸಿಗೆಯ ಬಳಿ ನಿಲ್ಲಬೇಕಾದವರು ನಾವು. ಪ್ರೀತಿಪಾತ್ರರ ಕೈಹಿಡಿದು ಸರಿಯಾದುದನ್ನು ನಿರ್ಧರಿಸುವ ಧೈರ್ಯವನ್ನು ಸಂತ ಜೋಸೆಫರು ನಮಗೆ ಬೇಡಿಕೊಡಲಿ. ಆಮೆನ್.