ಕುದುರೆಗೂ ಕರುವಿಗೂ ಒಂದೇ ಟ್ರೇಲರ್: ಸ್ಟಾಕ್ ಕಾಂಬೊ ಆರಿಸೋದು ಹೇಗೆ?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಅಮೆರಿಕದ ಹೆದ್ದಾರಿಗಳ ರೀಲ್ಸ್ ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ಮುಂದೆ ದೊಡ್ಡ ಪಿಕಪ್, ಅದರ ಹಿಂದೆ ಉದ್ದನೆಯ ಟ್ರೇಲರ್, ಪಕ್ಕದ ಪಟ್ಟಿಗಳ ಸಂದಿಯಿಂದ ಇಣುಕುವ ಕುದುರೆಯ ಮೂತಿ. ನೋಡೋಕೆ ಚೆಂದ. ಆದರೆ ಒಂದು ಕುದುರೆ ಅಂದ್ರೆ ಸುಮಾರು 500 ಕಿಲೋ ಜೀವ. ಅದು ಸುಮ್ಮನೆ ನಿಲ್ಲಲ್ಲ. ತಿರುವಿನಲ್ಲಿ ವಾಲುತ್ತೆ, ಬ್ರೇಕ್ ಹಾಕಿದಾಗ ಮುಗ್ಗರಿಸುತ್ತೆ, ಹೆದರಿದರೆ ಒದೆಯುತ್ತೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಂಥ ಎರಡು ಜೀವಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವಾಗ ಟ್ರೇಲರ್ ಸರಿಯಿಲ್ಲದಿದ್ದರೆ ಕುದುರೆಗೂ ಕಷ್ಟ, ಗಾಡಿಯಲ್ಲಿ ಕೂತವರಿಗೂ ಕಷ್ಟ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಟೆಕ್ಸಾಸ್‌ನಲ್ಲಿ ಸ್ವಲ್ಪ ಜಮೀನು ಮಾಡಿಕೊಂಡಿರುವ ಒಂದು ಕುಟುಂಬ ಅಂದುಕೊಳ್ಳಿ. ಎರಡು ಕುದುರೆ ಇವೆ, ಆಗಾಗ ಒಂದಷ್ಟು ಕರುಗಳನ್ನೂ ಸಾಗಿಸಬೇಕು. 16 ಅಡಿಯ ಹಳೆಯ ಸ್ಟಾಕ್ ಕಾಂಬೊ ಟ್ರೇಲರ್ ಒಂದು ಮಾರಾಟಕ್ಕಿದೆ. ಮಾರುವವರು 'ನಾಲ್ಕು ಕುದುರೆ ಆರಾಮಾಗಿ ಹಿಡಿಸುತ್ತೆ' ಅಂತಾರೆ. ತಗೋಬಹುದಾ? ತಗೊಂಡ್ರೆ ಏನೇನು ಬದಲಾಯಿಸಿಕೊಳ್ಳಬೇಕು?

ಇವತ್ತಿನ ಸಂಚಿಕೆಯ ಸಾರ ಇಷ್ಟೇ: ಆಮೇಲೆ ಬದಲಾಯಿಸೋಕೆ ಆಗದೇ ಇರೋದನ್ನು ನೋಡಿ ಕೊಳ್ಳಿ, ಬದಲಾಯಿಸೋಕೆ ಆಗೋದನ್ನು ನಿಧಾನಕ್ಕೆ ಮಾಡಿಸಿಕೊಳ್ಳಿ. ಎಷ್ಟೋ ಜನ ಇದನ್ನೇ ಉಲ್ಟಾ ಮಾಡ್ತಾರೆ. ಒಳಗಿನ ಕೊಕ್ಕೆ, ಸ್ಟ್ಯಾಂಡು, ಲೈಟು ನೋಡಿ ಮರುಳಾಗಿ ನೆಲ, ಎತ್ತರ, ಆ್ಯಕ್ಸಲ್ ನೋಡೋದನ್ನೇ ಮರೀತಾರೆ.

ಸ್ಟಾಕ್ ಕಾಂಬೊ ಅಂದ್ರೆ ಏನು?

ಇಲ್ಲಿ 'ಸ್ಟಾಕ್' ಅಂದ್ರೆ ಷೇರು ಮಾರುಕಟ್ಟೆ ಅಲ್ಲ, ಜಾನುವಾರು. ಸ್ಟಾಕ್ ಟ್ರೇಲರ್ ಮೂಲತಃ ದನಕರು ಸಾಗಿಸೋಕೆ ಮಾಡಿದ ಗಾಡಿ. ಪಕ್ಕದ ಗೋಡೆಗಳಲ್ಲಿ ಗಾಳಿಯಾಡಲು ಸಂದಿಗಳಿರುತ್ತವೆ. ಒಳಗೆ ಖಾಲಿ ಜಾಗ, ನಡುವೆ ಒಂದು ಗೇಟು. ಕುದುರೆಗೆಂದೇ ಮಾಡಿದ ಟ್ರೇಲರ್ ಹಾಗಲ್ಲ. ಅದರಲ್ಲಿ ಪ್ರತಿ ಕುದುರೆಗೂ ಬೇರೆ ಬೇರೆ ಗೂಡು, ಮೆತ್ತನೆಯ ಗೋಡೆ, ಕಿಟಕಿ ಎಲ್ಲ ಇರುತ್ತೆ. ಬೆಲೆಯೂ ಜಾಸ್ತಿ.

ಕಾಂಬೊ ಇವೆರಡರ ನಡುವಿನ ದಾರಿ. ಹಿಂದೆ ಸ್ಟಾಕ್ ಟ್ರೇಲರ್‌ನ ವಿಶಾಲ ಜಾಗ, ಮುಂದೆ ಜೀನು, ಲಗಾಮು, ಮೇವು ಇಡೋಕೆ ಬಾಗಿಲಿರುವ ಪುಟ್ಟ ಕೋಣೆ. ಅದಕ್ಕೆ ಟ್ಯಾಕ್ ರೂಮ್ ಅಂತಾರೆ. ಇವತ್ತು ಕುದುರೆ, ನಾಳೆ ಕರು, ನಾಡಿದ್ದು ಹುಲ್ಲಿನ ಪಿಂಡಿ, ಎಲ್ಲದಕ್ಕೂ ಒಂದೇ ಗಾಡಿ. ಸಣ್ಣ ಜಮೀನಿನವರಿಗೆ ಇದು ಇಷ್ಟವಾಗೋದು ಅದಕ್ಕೇ.

ಮೊದಲು ತೂಕದ ಲೆಕ್ಕ

ಈಗ ನಮ್ಮ 16 ಅಡಿ ಟ್ರೇಲರ್‌ಗೆ ಬರೋಣ. ಉಕ್ಕಿನದು, ಖಾಲಿ ತೂಕ 1,700 ಕಿಲೋ ಅಂತಿಟ್ಟುಕೊಳ್ಳಿ. ಕೆಳಗೆ 3,500 ಪೌಂಡ್ ಹೊರುವ ಎರಡು ಆ್ಯಕ್ಸಲ್. ಒಟ್ಟು 7,000 ಪೌಂಡ್, ಅಂದ್ರೆ ಸುಮಾರು 3,175 ಕಿಲೋ. ಟ್ರೇಲರ್‌ನ ಸ್ವಂತ ತೂಕವೂ ಸೇರಿ ಇಷ್ಟೇ ಮಿತಿ ಅಂತ ತಯಾರಕರು ಗಾಡಿಗೆ ಹಚ್ಚಿದ ಫಲಕದಲ್ಲಿ ಬರೆದಿದ್ದಾರೆ ಅಂದುಕೊಳ್ಳಿ.

ಎರಡು ಕುದುರೆ 1,000 ಕಿಲೋ. ಜೀನು, ನೀರು, ಮೇವು, ರಬ್ಬರ್ ಚಾಪೆ ಸೇರಿ 300 ಕಿಲೋ. ಗಾಡಿಯದು 1,700. ಒಟ್ಟು 3,000. ಮಿತಿಯ ಒಳಗೇ ಇದೆ, ಆದರೆ ಉಳಿದದ್ದು 175 ಕಿಲೋ ಮಾತ್ರ.

ನಾಲ್ಕು ಕುದುರೆ ಬಿಡಿ, ಮೂರನೆಯದು ಹತ್ತಿದರೇ 3,500 ಕಿಲೋ ಆಗುತ್ತೆ, ಮಿತಿ ದಾಟುತ್ತೆ.

ಜಾಗದ ಲೆಕ್ಕ ಇನ್ನೊಂದು. ಇದಕ್ಕೆ ನಮ್ಮ ದೇಶದ ಅಳತೆಗೋಲನ್ನೇ ಹಿಡಿದು ನೋಡಬಹುದು. ಭಾರತದಲ್ಲಿ ಪ್ರಾಣಿ ಸಾಗಿಸುವ ವಾಹನಗಳಿಗಾಗಿ 2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಇ ಅನ್ನೋ ನಿಯಮ ಸೇರಿತು. ಅದರ ಪ್ರಕಾರ ಒಂದು ಕುದುರೆಗೆ ಕನಿಷ್ಠ 2.25 ಚದರ ಮೀಟರ್, ಒಂದು ಹಸು ಅಥವಾ ಎಮ್ಮೆಗೆ ಕನಿಷ್ಠ 2 ಚದರ ಮೀಟರ್ ಜಾಗ ಬೇಕು. ನಮ್ಮ ಟ್ರೇಲರ್‌ನಲ್ಲಿ ಮುಂದಿನ ಕೋಣೆಗೆ 4 ಅಡಿ ಹೋದರೆ ಉಳಿಯೋದು 12 ಅಡಿ ಉದ್ದ. ಅಗಲ 6 ಅಡಿ 8 ಇಂಚು. ಗುಣಿಸಿದರೆ ಸುಮಾರು 7.4 ಚದರ ಮೀಟರ್. ಅಂದ್ರೆ ಮೂರು ಕುದುರೆಗೆ ಜಾಗ ಸಿಗುತ್ತೆ, ನಾಲ್ಕಕ್ಕಿಲ್ಲ. ಆದರೆ ತೂಕ ಆ ಮೂರಕ್ಕೂ ಒಪ್ಪಲ್ಲ. 'ಹಿಡಿಸುತ್ತೆ' ಅನ್ನೋದು ಬೇರೆ, 'ಹೊರುತ್ತೆ' ಅನ್ನೋದು ಬೇರೆ. ನಾಳೆ ಮೂರನೇ ಕುದುರೆ ಬರೋ ಯೋಚನೆ ಇದ್ರೆ 5,200 ಪೌಂಡ್‌ನ ಎರಡು ಆ್ಯಕ್ಸಲ್ ಇರುವ ಗಾಡಿಯನ್ನೇ ಹುಡುಕಬೇಕು.

ಇನ್ನು ಎಳೆಯುವ ಪಿಕಪ್. ಜಾಹೀರಾತಿನಲ್ಲಿ 'ಇಷ್ಟು ಸಾವಿರ ಕಿಲೋ ಎಳೆಯುತ್ತೆ' ಅಂತ ದೊಡ್ಡದಾಗಿ ಇರುತ್ತೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಚಾಲಕನ ಬಾಗಿಲು ತೆಗೆದರೆ ಕಾಣುವ ಸ್ಟಿಕರ್. ಜನ, ಸಾಮಾನು ಎಲ್ಲ ಸೇರಿ ಪಿಕಪ್ ತನ್ನ ಮೈಮೇಲೆ ಎಷ್ಟು ಹೊರಬಹುದು ಅಂತ ಅದರಲ್ಲಿ ಇರುತ್ತೆ. ಹಿಂದಿನ ಹಿಚ್‌ಗೆ ಸಿಕ್ಕಿಸುವ ಟ್ರೇಲರ್ ತನ್ನ ಒಟ್ಟು ತೂಕದ ಶೇ 10ರಿಂದ 15ರಷ್ಟನ್ನು ಆ ಹಿಚ್ ಮೇಲೆ ಊರುತ್ತೆ, ಊರಲೇಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡೋಕೆ ಶುರುವಾಗುತ್ತೆ.

3,000 ಕಿಲೋ ಟ್ರೇಲರ್ ಅಂದ್ರೆ ಹಿಚ್ ಮೇಲೆ 300ರಿಂದ 450 ಕಿಲೋ. ಸ್ಟಿಕರ್‌ನಲ್ಲಿ 700 ಕಿಲೋ ಇದೆ, ಒಳಗೆ ನಾಲ್ಕು ಜನ ಸೇರಿ 280 ಕಿಲೋ ಅಂತಿಟ್ಟುಕೊಳ್ಳಿ. ಉಳಿದದ್ದು 420. ಎಳೆಯೋ ಶಕ್ತಿ ಬೇಕಾದಷ್ಟಿದ್ದರೂ ಹೊರೋ ಶಕ್ತಿ ಇಲ್ಲೇ ಮುಗಿಯುತ್ತಾ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಆ ಹಾಸಿಗೆ ಬಾಗಿಲಿನ ಸ್ಟಿಕರ್.

ಇನ್ನೂ ದೊಡ್ಡ ಟ್ರೇಲರ್ ಬೇಕಾದವರು ಗೂಸ್‌ನೆಕ್ ಕಡೆ ಹೋಗ್ತಾರೆ. ಅದರ ಬಾಗಿದ ಕತ್ತು ಪಿಕಪ್‌ನ ಹಿಂಬದಿಯ ತೊಟ್ಟಿಯೊಳಗೆ, ಹೆಚ್ಚುಕಮ್ಮಿ ಹಿಂದಿನ ಚಕ್ರಗಳ ಮೇಲೆಯೇ ಕೂರುತ್ತೆ. ರಸ್ತೆಯಲ್ಲಿ ಹೆಚ್ಚು ಸ್ಥಿರ. ಆದರೆ ಪಿಕಪ್ ಮೇಲಿನ ಭಾರ ಇನ್ನೂ ಜಾಸ್ತಿ, ಹಾಗಾಗಿ ಪಿಕಪ್ಪೂ ದೊಡ್ಡದೇ ಬೇಕು.

ಎತ್ತರ ಮತ್ತು ಗಾಳಿ

ದನಕ್ಕೆಂದು ಮಾಡಿದ ಹಳೆಯ ಸ್ಟಾಕ್ ಟ್ರೇಲರ್‌ಗಳಲ್ಲಿ ಆರೂವರೆ ಅಡಿ ಎತ್ತರದವು ಸಾಕಷ್ಟಿವೆ. ದನಕ್ಕೆ ಅಷ್ಟು ಸಾಕು. ಆದರೆ ಕುದುರೆ ತಲೆ ಎತ್ತಿ ನಿಲ್ಲುವ ಪ್ರಾಣಿ, ಹೆದರಿದಾಗಂತೂ ತಲೆಯನ್ನು ಇನ್ನೂ ಮೇಲಕ್ಕೆ ಎಸೆಯುತ್ತೆ. ಸಾಧಾರಣ ಗಾತ್ರದ ಕುದುರೆಗೆ 7 ಅಡಿ, ದೊಡ್ಡ ತಳಿಗೆ ಏಳೂವರೆ ಅಡಿ ಎತ್ತರ ನೋಡಿ. ಕೊಂಡ ಮೇಲೆ ಚಾವಣಿ ಎತ್ತರಿಸೋಕೆ ಆಗಲ್ಲ.

ಇನ್ನು ಗಾಳಿ. ಸ್ಟಾಕ್ ಟ್ರೇಲರ್‌ನ ದೊಡ್ಡ ಗುಣವೇ ಇದು. ಕುದುರೆ ಬಾಯಿಂದ ಉಸಿರಾಡಲ್ಲ, ಮೂಗಿನಿಂದ ಮಾತ್ರ. ಮುಚ್ಚಿದ ಗಾಡಿಯಲ್ಲಿ ಲದ್ದಿ ಮತ್ತು ಮೂತ್ರದಿಂದ ಏಳುವ ಅಮೋನಿಯಾ, ಒಣಹುಲ್ಲಿನ ಧೂಳು ಎಲ್ಲ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಇನ್ನೊಂದು ವಿಷಯ ಇದೆ. ಮೇಯುವಾಗ ಕುದುರೆಯ ತಲೆ ಕೆಳಗಿರುತ್ತೆ, ಶ್ವಾಸನಾಳದ ಕಫ, ಧೂಳು ಆಗ ತಾನಾಗೇ ಇಳಿದುಹೋಗುತ್ತೆ. ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟಿ ಗಂಟೆಗಟ್ಟಲೆ ಒಯ್ದರೆ ಅದೆಲ್ಲ ಒಳಗೇ ಉಳಿದು ಸೋಂಕಾಗಿ ನ್ಯುಮೋನಿಯಾ ತನಕ ಹೋಗಬಹುದು. ಅಲ್ಲಿನವರು ಇದನ್ನು 'ಶಿಪ್ಪಿಂಗ್ ಫೀವರ್' ಅಂತಾರೆ. ಕಾಂಬೊದ ವಿಶಾಲ ಜಾಗದಲ್ಲಿ ಕುದುರೆಗೆ ತಲೆ ತಗ್ಗಿಸೋಕೆ ಆಗುತ್ತೆ, ಸಮತೋಲನಕ್ಕೆ ಬೇಕಾದಂತೆ ಕಾಲು ಅಗಲಿಸಿ ನಿಲ್ಲೋಕೂ ಆಗುತ್ತೆ.

ಚಳಿಗಾಲದಲ್ಲಿ ಪಕ್ಕದ ಸಂದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿಸಿಕೊಳ್ಳಬಹುದು. ಕಳಚೋಕೆ ಬರುವಂಥದ್ದೇ ಇರಲಿ. ಎಲ್ಲ ಸಂದಿ ಮುಚ್ಚಿಬಿಡಬೇಡಿ, ಮೇಲಿನ ಸಾಲು ತೆರೆದಿರಲಿ. ಸಂದಿಯಿಂದ ಕಸ ಹಾರಿ ಕಣ್ಣಿಗೆ ಬೀಳದಂತೆ ಕುದುರೆಗೆ ಬಲೆಯ ಮುಖವಾಡ ಹಾಕೋದು ರೂಢಿ.

ನೆಲ: ಮೇಲೆ ಥಳುಕು, ಒಳಗೆ ಹುಳುಕು?

ಹಳೆಯ ಟ್ರೇಲರ್‌ನಲ್ಲಿ ಅತ್ಯಂತ ಅಪಾಯದ ಜಾಗ ಕಣ್ಣಿಗೇ ಕಾಣಲ್ಲ. ಅದು ರಬ್ಬರ್ ಚಾಪೆಯ ಅಡಿಯಲ್ಲಿರೋ ನೆಲ. ಮೂತ್ರ ಅಲ್ಲಿ ನಿಂತು ಮರದ ಹಲಗೆಯನ್ನು ಕೊಳೆಸುತ್ತೆ. ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ ಅಂತಾರೆ, ಆದರೆ ಮೂತ್ರ ಅದನ್ನೂ ತಿನ್ನುತ್ತೆ. ನೆಲ ಕುಸಿದು ಕುದುರೆಯ ಕಾಲು ಓಡೋ ರಸ್ತೆಗೆ ತಾಗುವುದಕ್ಕಿಂತ ಘೋರ ಅಪಘಾತ ಇಲ್ಲ.

ಹಾಗಾಗಿ ದುಡ್ಡು ಕೊಡೋ ಮುಂಚೆ ಚಾಪೆಗಳನ್ನು ಪೂರ್ತಿ ಎತ್ತಿಸಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸ್ಕ್ರೂಡ್ರೈವರ್‌ನಿಂದ ಹಲಗೆ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಹಲಗೆ ಹೋಯ್ತು ಅಂತಲೇ ಅರ್ಥ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ, ಹಲಗೆ ಹೊರುವ ಅಡ್ಡಪಟ್ಟಿಗಳನ್ನು ನೋಡಿ. ಹಲಗೆ ಬದಲಾಯಿಸಬಹುದು, ಅದು ದೊಡ್ಡ ಕೆಲಸವಲ್ಲ. ಅಡ್ಡಪಟ್ಟಿಗೇ ತುಕ್ಕು ಹಿಡಿದು ಪದರ ಪದರ ಉದುರುತ್ತಿದ್ದರೆ ಆ ಗಾಡಿ ಬೇಡ.

ನಿಮಗೆ ಬೇಕಾದಂತೆ ಮಾಡಿಸಿಕೊಳ್ಳೋದು

ಗಾಡಿಯ ಮೈಕಟ್ಟು ಗಟ್ಟಿಯಿದ್ದರೆ ಉಳಿದದ್ದು ನಿಮ್ಮ ಕೈಯಲ್ಲಿ. ಈ ಕ್ರಮದಲ್ಲಿ ಮಾಡಿ.

ಮೊದಲನೆಯದು ಕುದುರೆಗೆ ಗಾಯ ಮಾಡುವ ಜಾಗಗಳು. ದನದ ಗಾಡಿಯಲ್ಲಿ ಚೂಪು ಅಂಚು, ಗೇಟಿಗೂ ಗೋಡೆಗೂ ನಡುವೆ ಗೊರಸು ಸಿಕ್ಕಿಕೊಳ್ಳುವ ಸಂದಿ, ಹೊರಚಾಚಿದ ಚಿಲಕ ಇವೆಲ್ಲ ಇರುತ್ತವೆ. ಗೋಡೆಯ ಕೆಳಭಾಗಕ್ಕೆ ಸುಮಾರು 4 ಅಡಿ ತನಕ ರಬ್ಬರ್ ಹಾಳೆ ಹೊಡೆಸಿ. ಒದ್ದರೂ ಕಾಲಿಗೆ ಪೆಟ್ಟಾಗಲ್ಲ, ಸದ್ದೂ ಕಡಿಮೆ.

ಎರಡನೆಯದು ನಡುವಿನ ಗೇಟು. ಕುದುರೆ ಮತ್ತು ದನ ಒಂದೇ ಭಾಗದಲ್ಲಿ ಬೇಡವೇ ಬೇಡ. ಗೇಟಿನ ತಿರುಗಣೆ, ಚಿಲಕ ಎರಡೂ ಗಟ್ಟಿಯಿರಲಿ. ಒಂದೇ ಕುದುರೆ ಒಯ್ಯುವಾಗ ಅದನ್ನು ಮುಂದಿನ ಭಾಗದಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಹಿಚ್ ಮೇಲಿನ ಭಾರ ಕಡಿಮೆಯಾಗಿ ಆಗಲೇ ಹೇಳಿದ ಹೊಯ್ದಾಟ ಶುರುವಾಗುತ್ತೆ.

ಮೂರನೆಯದು ಮನುಷ್ಯ ತಪ್ಪಿಸಿಕೊಳ್ಳುವ ಬಾಗಿಲು. ಕುದುರೆ ಕಟ್ಟೋಕೆ ಒಳಗೆ ಹೋದವರು ಗೋಡೆಗೂ ಕುದುರೆಗೂ ನಡುವೆ ಸಿಕ್ಕಿಬಿದ್ದರೆ ಹೊರಗೆ ಬರೋಕೆ ಮುಂದಿನ ಭಾಗದಲ್ಲಿ ಒಂದು ಪಕ್ಕದ ಬಾಗಿಲು ಬೇಕು. ಅದಿರುವ ಗಾಡಿಯನ್ನೇ ಹುಡುಕೋದು ಒಳ್ಳೆಯದು. ಆಮೇಲೆ ಗೋಡೆ ಕೊರೆಸೋದಾದರೆ ಕಂಡಕಂಡಲ್ಲಿ ಬೇಡ. ಭಾರ ಹೊರುವ ಕಂಬ ಯಾವುದು ಅಂತ ಗೊತ್ತಿರುವ ಟ್ರೇಲರ್ ವರ್ಕ್‌ಶಾಪ್‌ನಲ್ಲೇ ಮಾಡಿಸಿ.

ನಾಲ್ಕನೆಯದು, ಎಲ್ಲರಿಗೂ ಇಷ್ಟವಾಗೋ ಮುಂದಿನ ಕೋಣೆ. ಜೀನಿನ ಸ್ಟ್ಯಾಂಡು, ಲಗಾಮಿನ ಕೊಕ್ಕೆ, ನೀರಿನ ಟ್ಯಾಂಕು ಏನು ಬೇಕಾದರೂ ಹಾಕಿಸಿ, ಆದರೆ ಪ್ರತಿಯೊಂದಕ್ಕೂ ತೂಕ ಇದೆ. 90 ಲೀಟರ್ ನೀರು ಅಂದ್ರೆ 90 ಕಿಲೋ. ನಮ್ಮ ಉದಾಹರಣೆಯಲ್ಲಿ ಉಳಿದಿದ್ದ 175 ಕಿಲೋದಲ್ಲಿ ಅರ್ಧ ಅದಕ್ಕೇ ಹೋಯ್ತು. ಸ್ಪ್ರಿಂಗ್ ದಪ್ಪ ಮಾಡಿಸಿದರೆ ಮಿತಿ ಹೆಚ್ಚುತ್ತೆ ಅನ್ನೋ ಮಾತು ನಂಬಬೇಡಿ. ಆ್ಯಕ್ಸಲ್, ಚಕ್ರ, ಬ್ರೇಕು ಎಲ್ಲ ಸೇರಿ ನಿಗದಿಯಾದ ಮಿತಿ ಅದು.

ಹೊರಡೋ ಮುಂಚೆ

ಟೈರಿನ ಪಕ್ಕದಲ್ಲಿರುವ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೇಲರ್ ಟೈರ್ ಸವೆಯೋದಕ್ಕಿಂತ ನಿಂತಲ್ಲೇ ಹಳತಾಗಿ ಒಡೆಯೋದು ಹೆಚ್ಚು. ಹಿಚ್‌ನ ಗುಂಡು 2 ಇಂಚಿನದೋ 2 5/16 ಇಂಚಿನದೋ ಅಂತ ಟ್ರೇಲರ್‌ನ ಬಾಯಿಗೆ ಹೋಲಿಸಿ ನೋಡಿ. ಸಣ್ಣ ಗುಂಡಿನ ಮೇಲೆ ದೊಡ್ಡ ಬಾಯಿ ಕೂತಂತೆ ಕಾಣುತ್ತೆ, ಆದರೆ ರಸ್ತೆಯ ಉಬ್ಬಿನಲ್ಲಿ ಎಗರಿ ಕಳಚಿಕೊಳ್ಳಬಹುದು. ಅಕಸ್ಮಾತ್ ಕಳಚಿದರೆ ಟ್ರೇಲರ್‌ನ ಬ್ರೇಕನ್ನು ತಾನಾಗೇ ಹಿಡಿಸುವ ಒಂದು ಪುಟ್ಟ ಬ್ಯಾಟರಿ ಇರುತ್ತೆ. ಅದು ಚಾರ್ಜ್ ಆಗಿದೆಯಾ ಅಂತಲೂ ನೋಡಿ.

ದೂರದ ದಾರಿಯಾದರೆ ಮೂರು-ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ದನ ಸಾಗಿಸಿದ ಮೇಲೆ ಗಾಡಿಯನ್ನು ತೊಳೆದು, ಸೋಂಕುನಿವಾರಕ ಹಾಕಿ, ಒಣಗಿಸಿದ ನಂತರವೇ ಕುದುರೆ ಹತ್ತಿಸಿ. ಚಾಪೆ ಎತ್ತಿ ತೊಳೆಯೋದನ್ನು ರೂಢಿ ಮಾಡಿಕೊಂಡರೆ ನೆಲ ಮೆತ್ತಗಾಗ್ತಿದ್ದರೂ ಬೇಗ ಗೊತ್ತಾಗುತ್ತೆ.

ಹಾಗಾದರೆ ನಮ್ಮ ಉದಾಹರಣೆಯ ಕುಟುಂಬ ಆ ಟ್ರೇಲರ್ ತಗೋಬಹುದಾ? ನೆಲದ ಅಡ್ಡಪಟ್ಟಿ ಗಟ್ಟಿಯಿದ್ದು, ಎತ್ತರ 7 ಅಡಿ ಇದ್ದು, ಎರಡೇ ಕುದುರೆಗೆ ಅಂತಾದರೆ ತಗೋಬಹುದು. ಕರುಗಳನ್ನು ಒಯ್ಯುವ ದಿನ ಅವುಗಳ ತೂಕವನ್ನೂ ಇದೇ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕು ಕುದುರೆಗೆ ಅಂತ ಕೊಳ್ಳೋದಾದರೆ ಬೇಡ.