ಮಣ್ಣಿನ ಮರ್ಮವನ್ನರಿತ ವಿನೊಗ್ರಾಡ್‌ಸ್ಕಿ

ತಿಪ್ಪೆಯ ಗೊಬ್ಬರವನ್ನು ಪಾತಿಗೆ ಹಾಕಿದರೆ ಬದನೆಯ ಗಿಡವು ಸೊಂಪಾಗಿ ಬೆಳೆಯುವುದೆಂಬುದನ್ನು ಅರಿಯದ ಗೃಹಸ್ಥರಿಲ್ಲ. ಆದರೆ ಆ ಗೊಬ್ಬರವು ಗಿಡಕ್ಕೆ ಆಹಾರವಾಗುವ ಬಗೆ ಎಂತು? ಅದು ಕೊಳೆತಾಗ ಹುಟ್ಟುವ ಅಮೋನಿಯಾ ಮಣ್ಣಿನಲ್ಲಿ ಪೆಟ್ಲುಪ್ಪಿನ ಜಾತಿಯ ಲವಣವಾಗಿ ಮಾರ್ಪಡುವುದು. ಬಹುತರ ಬೆಳೆಗಳು ಸಾರಜನಕವನ್ನು ಹೆಚ್ಚಾಗಿ ಆ ರೂಪದಲ್ಲಿಯೇ ಹೀರುವುವು. ಇದು ಸೂಕ್ಷ್ಮಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಪಂಡಿತರು ತೋರಿಸಿದ್ದರು. ಆದರೆ ಆ ಜೀವಿಗಳು ಯಾವುವೆಂಬುದು ತಿಳಿದಿರಲಿಲ್ಲ.

ಅವುಗಳನ್ನು ಬೇರ್ಪಡಿಸಿ ತೋರಿಸಿದವನು ಸೆರ್ಗೈ ವಿನೊಗ್ರಾಡ್‌ಸ್ಕಿ. ಈತನು 1856ರಲ್ಲಿ ಕೀವ್ ನಗರದ ಸಿರಿವಂತರ ಮನೆಯಲ್ಲಿ ಹುಟ್ಟಿದನು. ಮೊದಲು ನ್ಯಾಯಶಾಸ್ತ್ರಕ್ಕೆ ಸೇರಿ ಅದನ್ನು ಬಿಟ್ಟನು. ಪಿಯಾನೋ ವಾದನವನ್ನು ಕಲಿಯಹೋಗಿ ಅದನ್ನೂ ಬಿಟ್ಟನು. ಕಡೆಗೆ ವಿಜ್ಞಾನದಲ್ಲಿ ನೆಲೆಗೊಂಡನು. ಓದನ್ನು ಬದಲಿಸುವ ಮಕ್ಕಳ ಮೇಲೆ ಮುನಿಯುವ ತಂದೆತಾಯಿಗಳು ಇದನ್ನು ಗಮನಿಸಬಹುದು.

ಸ್ಟ್ರಾಸ್‌ಬರ್ಗಿನಲ್ಲಿದ್ದಾಗ ಆತನು ಗಂಧಕದ ಬುಗ್ಗೆಗಳಲ್ಲಿ ಬೆಳೆಯುವ ಎಳೆಯಂತಹ ಜೀವಿಗಳನ್ನು ಪರೀಕ್ಷಿಸಿದನು. ಕೊಳೆತ ಮೊಟ್ಟೆಯ ನಾತದ ವಾಯುವೇ ಅವುಗಳಿಗೆ ಸೌದೆಯೆಂದೂ ಅದನ್ನು ದಹಿಸಿಯೇ ಅವು ಬದುಕುವುವೆಂದೂ 1887ರಲ್ಲಿ ಸಾರಿದನು. ನಿರ್ಜೀವ ಪದಾರ್ಥವೊಂದರಿಂದ ಪ್ರಾಣಧಾರಣೆಗೆ ಬೇಕಾದ ಶಕ್ತಿಯನ್ನು ಪಡೆಯಬಹುದೆಂಬ ಮಾತು ಆಗ ಹೊಸತು.

ಬಳಿಕ ಜೂರಿಕ್ಕಿನಲ್ಲಿ ಪೆಟ್ಲುಪ್ಪಿನ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಆ ಕಾಲದ ಪಂಡಿತರು ಸೂಕ್ಷ್ಮಜೀವಿಗಳನ್ನು ಮಾಂಸದ ಸಾರು ಬೆರೆಸಿದ ಜೆಲಾಟಿನ್ನಿನ ಮೇಲೆ ಬೆಳೆಸುತ್ತಿದ್ದರು. ಈ ಅತಿಥಿಗಳಾದರೋ ಆ ಮೃಷ್ಟಾನ್ನವನ್ನು ಮುಟ್ಟಲೇ ಒಲ್ಲವು! ವಿನೊಗ್ರಾಡ್‌ಸ್ಕಿಯು ಅಮೋನಿಯಾ ಲವಣ, ಸ್ವಲ್ಪ ಖನಿಜಗಳು, ನೀರು, ಇಷ್ಟನ್ನೇ ಬಡಿಸಿದನು, ಅವು ಬೆಳೆದುವು. ತಮ್ಮ ದೇಹಕ್ಕೆ ಬೇಕಾದ ಇಂಗಾಲವನ್ನು ಅವು ಇಂಗಾಲಾಮ್ಲ ವಾಯುವಿನಿಂದಲೇ ಕೂಡಿಸಿಕೊಳ್ಳುತ್ತಿದ್ದುವು, ಅದೂ ಬಿಸಿಲಿನ ನೆರವಿಲ್ಲದೆ. ಜೆಲಾಟಿನ್ನಿಗೆ ಬದಲಾಗಿ ಸಿಲಿಕಾದಿಂದ ಗಟ್ಟಿಯಾದ ಲೋಳೆಯೊಂದನ್ನು ಮಾಡಿ ಅವನ್ನು ಶುದ್ಧವಾಗಿ ಬೇರ್ಪಡಿಸಲು ಹೊರಟನು. ಕೆಲಸಗಾರರು ಎರಡು ಪಂಗಡದವರೆಂಬುದೂ ಹೊರಬಿದ್ದಿತು. ಒಬ್ಬಳು ರುಬ್ಬಿಟ್ಟ ಹಿಟ್ಟನ್ನು ಮತ್ತೊಬ್ಬಳು ದೋಸೆ ಹೊಯ್ಯುವಂತೆ, ಒಂದು ಪಂಗಡವು ಅಮೋನಿಯಾವನ್ನು ನೈಟ್ರೈಟ್ ಮಾಡಿದರೆ ಇನ್ನೊಂದು ಅದನ್ನು ನೈಟ್ರೇಟ್ ಮಾಡುವುದು.

ಪೀಟರ್ಸ್‌ಬರ್ಗಿಗೆ ಮರಳಿ, ಗಾಳಿಯ ಸಾರಜನಕವನ್ನೇ ಹಿಡಿಯುವ ಮಣ್ಣಿನ ಜೀವಿಯೊಂದನ್ನೂ ಕಂಡುಹಿಡಿದು, ಅದಕ್ಕೆ ಪಾಸ್ಟರನ ಹೆಸರನ್ನಿಟ್ಟನು. ಅನಂತರ ಕೆಲಸವನ್ನು ಬಿಟ್ಟು ತನ್ನ ಜಮೀನಿನಲ್ಲಿ ನೆಲಸಿದನು. 1917ರ ಕ್ರಾಂತಿಯು ಆ ಬಾಳನ್ನು ಮುಗಿಸಿತು. ಆಸ್ತಿಯನ್ನು ಕಳೆದುಕೊಂಡು, ದೇಶವನ್ನು ತೊರೆದು, ಬೆಲ್‌ಗ್ರೇಡಿನಲ್ಲಿ ಅಧ್ಯಾಪಕನಾಗಿದ್ದ ಈ ಮುದುಕನನ್ನು 1922ರಲ್ಲಿ ಪ್ಯಾರಿಸಿನ ಪಾಸ್ಟರ್ ಸಂಸ್ಥೆಯ ಎಮಿಲ್ ರೂ ಮಹಾಶಯನು ಕರೆಸಿಕೊಂಡನು. 60 ದಾಟಿದವನಿಗೆ ಮತ್ತೆ ಹೊಸ ಕೆಲಸ!

ಸಮೀಪದ ಬ್ರೀ-ಕೋಂತ್-ರೋಬೆರ್ ಎಂಬ ಊರಿನಲ್ಲಿ ಆತನು ಪುನಃ ಮಣ್ಣಿಗೆ ಕೈಯಿಕ್ಕಿದನು. ಪ್ರಯೋಗಶಾಲೆಯ ಸಾರಿನಲ್ಲಿ ಮುದ್ದಾಗಿ ಬೆಳೆದ ಜೀವಿಗಳ ನಡತೆಯಿಂದ ಹೊಲದ ಜೀವಿಗಳ ನಡತೆಯನ್ನು ಊಹಿಸಬಾರದೆಂದೂ, ಅವನ್ನು ಮಣ್ಣಿನಲ್ಲಿಯೇ ನೋಡಬೇಕೆಂದೂ ಆತನು ಹಟಹಿಡಿದು ವಾದಿಸಿದನು. ಆ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿದ ಗ್ರಂಥವು ಹೊರಬಂದುದು 1949ರಲ್ಲಿ, ಆತನಿಗೆ 90 ದಾಟಿದ ಮೇಲೆ. 1953ರಲ್ಲಿ ಆತನು ತೀರಿಕೊಂಡನು.